ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಟಿಕೆಟ್ ತೆಗೆಯುವ ಮೊದಲು ಮಾಡಬೇಕಾದ ಲೆಕ್ಕ

ಗೋಡೆಯ ನಕ್ಷೆ ನೋಡಿ ದೂರ ಅಳೆಯಬೇಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮಗ್ಗುಲಲ್ಲಿ ಹಾದುಹೋಗುತ್ತದೆ, ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಬೆಂಗಳೂರಿಗೆ ವಿಮಾನ ತಂದದ್ದು ಆ ಕಡೆಯಿಂದಲೇ. ಗಂಟೆಗೆ 900 ಕಿ.ಮೀ.ಯಂತೆ ಭಾಗಿಸಿದರೆ ಹದಿನೈದೂವರೆ ಗಂಟೆ. ನೇರ ವಿಮಾನವಿದ್ದರೆ ಟಿಕೆಟ್ಟಿನಲ್ಲಿ ಮಾತ್ರ ಹದಿನಾರೋ ಹದಿನೇಳೋ ಇರುತ್ತದೆ. ಗೇಟು ಬಿಟ್ಟು ಗೇಟು ಸೇರುವವರೆಗಿನ ಹೊತ್ತು ಅದು. ರನ್‌ವೇ ಸರದಿ, ಎದುರುಗಾಳಿ ಎಲ್ಲ ಸೇರಿದ್ದು.

ನೇರ ವಿಮಾನ ಸಿಗದಿದ್ದರೆ ದುಬೈ ಮೇಲೆ ಹೋದರೂ ದೂರ ಹೆಚ್ಚುವುದು ಸುಮಾರು 1,700 ಕಿ.ಮೀ. ಅಷ್ಟೇ. ಆದರೆ 'ಮಧ್ಯೆ ಒಂದು ಸ್ಟಾಪ್ ಇದೆ, ಅಮ್ಮನಿಗೆ ಕಾಲು ಚಾಚಲು ಆಗುತ್ತೆ' ಎಂದುಕೊಳ್ಳುವವರು ಗಮನಿಸಿ: ಮೊದಲ ಹಾರಾಟ ನಾಲ್ಕು ಗಂಟೆ, ಎರಡನೆಯದು ಹದಿನಾರು! ಫ್ರಾಂಕ್‌ಫರ್ಟ್ ಮೇಲಾದರೆ ಎರಡೂ ಹೆಚ್ಚುಕಡಿಮೆ ಸಮ. ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ವೀಸಾ ಬೇಕೇ ಎಂದು ಮೊದಲೇ ನೋಡಿಕೊಳ್ಳಿ.

ಎಲ್ಲರೂ ಎಡವುವುದು ತಾರೀಕಿನಲ್ಲಿ. ಟಿಕೆಟ್ಟಿನ ಸಮಯ ಆಯಾ ಊರಿನದು. ಚಳಿಗಾಲದಲ್ಲಿ ವ್ಯತ್ಯಾಸ ಹದಿಮೂರೂವರೆ ಗಂಟೆ. ಶುಕ್ರವಾರ ರಾತ್ರಿ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಹದಿನೇಳು ಗಂಟೆಯ ವಿಮಾನ ಬೆಂಗಳೂರಿನಲ್ಲಿ ಇಳಿಯುವುದು ಭಾನುವಾರ ಬೆಳಗಿನ ಜಾವ 3:30ಕ್ಕೆ. ಟಿಕೆಟ್ಟಿನ ಮೂಲೆಯ ಪುಟ್ಟ '+2' ಹೇಳುವುದು ಇದನ್ನೇ. ಊರಿನವರಿಗೆ ಬರೇ 'ಭಾನುವಾರ ಮೂರೂವರೆ' ಎಂದರೆ ಮಧ್ಯಾಹ್ನ ಊಟ ಮುಗಿಸಿ ಕಾರು ತರುತ್ತಾರೆ. 'ಶನಿವಾರ ರಾತ್ರಿ ಊಟ ಮುಗಿಸಿ ಹೊರಡಿ' ಅನ್ನಿ.

ಅಗ್ಗವೆಂದು ಎರಡು ಬೇರೆ ಟಿಕೆಟ್ ಜೋಡಿಸುವ ಜಾಣತನ ಬೇಡವೇ ಬೇಡ. ಒಂದೇ ಪಿಎನ್‌ಆರ್‌ನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದು ಕಂಪನಿಯ ಕೆಲಸ. ಬೇರೆ ಬೇರೆಯಾದರೆ ನಿಮ್ಮ ದುಡ್ಡು, ನಿಮ್ಮ ತಲೆನೋವು. ನ್ಯೂಯಾರ್ಕ್‌ನಲ್ಲೋ ಶಿಕಾಗೋದಲ್ಲೋ ವಿಮಾನ ಬದಲಿಸುವುದಿದ್ದರೆ ಇಮಿಗ್ರೇಶನ್ ಅಲ್ಲೇ. ಸಾಮಾನ್ಯವಾಗಿ ಸೂಟ್‌ಕೇಸನ್ನೂ ಬೆಲ್ಟಿನಿಂದ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಮೂರು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ತೆಗೆಯಬೇಡಿ. ಅಪ್ಪ ಅಮ್ಮ ಇಬ್ಬರೇ ಬರುವುದಾದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದಲ್ಲ ಎಂದು ಅವರು ಮುನಿಸಿಕೊಂಡರೂ ಸರಿ, ಗೇಟು ಹುಡುಕುವ ಗಾಬರಿ ತಪ್ಪುತ್ತದೆ.

ಇನ್ನೊಂದು ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿಂದ ಕೆಟ್ಟ ಸುದ್ದಿ ಬಂದರೆ, ಟಿಕೆಟ್ ಸಿಕ್ಕಿ ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಒಂದೂವರೆ ದಿನವಾದರೂ ಬೇಕು. ಅಷ್ಟು ಹೊತ್ತು ಕಾಯುವುದೋ ಬೇಡವೋ ಎಂದು ಅಣ್ಣತಮ್ಮಂದಿರು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು. ಪಾಸ್‌ಪೋರ್ಟ್, ವೀಸಾ ಅವಧಿ ವರ್ಷಕ್ಕೆರಡು ಸಲ ನೋಡಿ, ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳಿಗೆ ಓಸಿಐ ಕಾರ್ಡ್ (ವೀಸಾ ಇಲ್ಲದೆ ಭಾರತಕ್ಕೆ ಬರಲು ಬಿಡುವ ಕಾರ್ಡ್) ಬೇಗ ಮಾಡಿಸಿಡಿ.