ತೀರಿಕೊಂಡದ್ದು ಎಲ್ಲಿ? ಮರಣ ಪ್ರಮಾಣಪತ್ರದ ಕೆಲಸ ಶುರುವಾಗುವುದು ಅಲ್ಲಿಂದ

ಸಾವಾದ ಮನೆಯಲ್ಲಿ ತಿಥಿ ಮುಗಿಯುವಷ್ಟರಲ್ಲೇ ಕಾಗದಪತ್ರಗಳ ಕಾಟ ಆರಂಭವಾಗುತ್ತದೆ. ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿ, ಕುಟುಂಬ ಪಿಂಚಣಿ, ಊರಿನ ಜಮೀನಿನ ಪೌತಿ ಖಾತೆ, ನಗರದ ಮನೆಯ ಖಾತಾ ವರ್ಗಾವಣೆ, ಕಡೆಗೆ ಗ್ಯಾಸ್ ಸಂಪರ್ಕದ ಹೆಸರು ಬದಲಿಸುವುದಕ್ಕೂ ಮರಣ ಪ್ರಮಾಣಪತ್ರವನ್ನೇ ಮೊದಲು ಕೇಳುತ್ತಾರೆ. ಅದನ್ನು ತರಲು ಹೊರಟವರು ಸಾಮಾನ್ಯವಾಗಿ ಮನೆ ಹತ್ತಿರದ ಪಾಲಿಕೆ ಕಚೇರಿಗೆ ಹೋಗಿ ನಿಲ್ಲುತ್ತಾರೆ. ಅರ್ಧ ದಿನ ಕಾದ ಮೇಲೆ ಸಿಗುವ ಉತ್ತರ: ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ವಾಸದ ವಿಳಾಸ ಇಲ್ಲಿ ಲೆಕ್ಕಕ್ಕಿಲ್ಲ. ಜೀವಮಾನವೆಲ್ಲ ಬಸವನಗುಡಿಯಲ್ಲಿ ಬಾಳಿದವರು ಮಲ್ಲೇಶ್ವರದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರೆ ದಾಖಲೆ ಇರುವುದು ಮಲ್ಲೇಶ್ವರದ ಕಡೆ. ಮಗಳ ಮನೆಗೆಂದು ತುಮಕೂರಿಗೆ ಹೋಗಿದ್ದಾಗ ತೀರಿಕೊಂಡಿದ್ದರೆ ಬೆಂಗಳೂರಿನ ಎಷ್ಟು ಕಚೇರಿ ಸುತ್ತಿದರೂ ಪ್ರಯೋಜನವಿಲ್ಲ. ಚಲಿಸುವ ವಾಹನದಲ್ಲಿ ಪ್ರಾಣ ಹೋದರೆ ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕೆಂಬುದು ನಿಯಮ.

ಬೆಂಗಳೂರಿನವರಿಗೆ ಈಗ ಇನ್ನೊಂದು ಗೊಂದಲ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿವೆ. ಜನರ ಬಾಯಲ್ಲಿ ಇನ್ನೂ ಬಿಬಿಎಂಪಿಯೇ ಉಳಿದಿದೆ. ಹೀಗಾಗಿ ‘ನಮ್ಮದು ಯಾವ ಪಾಲಿಕೆ’ ಎಂದು ತಲೆ ಕೆಡಿಸಿಕೊಳ್ಳುವ ಬದಲು, ‘ಈ ಸಾವನ್ನು ಯಾವ ನೋಂದಣಾಧಿಕಾರಿಗೆ ವರದಿ ಮಾಡಿದ್ದೀರಿ’ ಎಂದು ಆಸ್ಪತ್ರೆಯವರನ್ನೇ ಕೇಳಿ ಬರೆದುಕೊಳ್ಳುವುದು ಮೇಲು.

ಆಸ್ಪತ್ರೆಯಲ್ಲಿ ಸಾವಾದರೆ

ವರದಿ ಮಾಡುವುದು ಆಸ್ಪತ್ರೆಯ ಹೊಣೆ. ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ನೋಂದಣಿ ಘಟಕ ಆವರಣದಲ್ಲೇ ಇರುತ್ತದೆ. ಖಾಸಗಿ ಆಸ್ಪತ್ರೆಗಳು ಮರಣ ವರದಿಯನ್ನು, ಅಂದರೆ ನಮೂನೆ 2ನ್ನು, ಆ ಪ್ರದೇಶದ ನೋಂದಣಾಧಿಕಾರಿಗೆ ಕಳುಹಿಸುತ್ತವೆ. ಕುಟುಂಬದವರು ಮಾಡಬೇಕಾದದ್ದು ಒಂದೇ ಕೆಲಸ, ಆದರೆ ಎಡವುವುದೂ ಅಲ್ಲಿಯೇ.

ಬಿಲ್ ಕಟ್ಟಿ, ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾ, ಅಳುವವರನ್ನು ಸಮಾಧಾನಪಡಿಸುತ್ತಾ ಇರುವ ಹೊತ್ತಿನಲ್ಲಿ ಕೌಂಟರಿನ ಸಿಬ್ಬಂದಿ ಒಂದು ಹಾಳೆ ಮುಂದಿಟ್ಟು ಸಹಿ ಕೇಳುತ್ತಾರೆ. ಅದರಲ್ಲಿರುವ ಹೆಸರು ದಾಖಲಾತಿಯ ದಿನ ಯಾರೋ ಅವಸರದಲ್ಲಿ ಹೇಳಿದ್ದು. ಆಧಾರ್‌ನಲ್ಲಿ ‘ನರಸಿಂಹಮೂರ್ತಿ ಕೆ’, ಆಸ್ಪತ್ರೆಯ ಹಾಳೆಯಲ್ಲಿ ‘ಮೂರ್ತಿ’, ಜಮೀನಿನ ಪಹಣಿಯಲ್ಲಿ ‘ನರಸಿಂಹಯ್ಯ’. ಈ ಮೂವರೂ ಒಬ್ಬರೇ ಎಂದು ಬ್ಯಾಂಕಿನವರಿಗೆ ಒಪ್ಪಿಸುವುದಕ್ಕೆ ಮುಂದೆ ತಿಂಗಳುಗಳು ಬೇಕಾಗುತ್ತವೆ. ಆದ್ದರಿಂದ ದುಃಖದ ನಡುವೆಯೂ ಮನೆಯಲ್ಲಿ ಸ್ವಲ್ಪ ಗಟ್ಟಿ ಮನಸ್ಸಿನ ಒಬ್ಬರನ್ನು ಈ ಕೆಲಸಕ್ಕೆ ಬಿಡಿ. ಮೃತರ ಆಧಾರ್ ಪಕ್ಕದಲ್ಲಿಟ್ಟುಕೊಂಡು ಹೆಸರು, ಇನಿಷಿಯಲ್, ತಂದೆ ತಾಯಿಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ವಿಳಾಸ, ವಯಸ್ಸನ್ನು ಅಕ್ಷರ ಅಕ್ಷರವಾಗಿ ಓದಲಿ. ಕನ್ನಡದ ಹೆಸರನ್ನೂ ಇಂಗ್ಲಿಷ್ ಕಾಗುಣಿತವನ್ನೂ ಬೇರೆ ಬೇರೆಯಾಗಿ ನೋಡಲಿ. ಸಹಿ ಹಾಕುವ ಮುನ್ನ ಆ ಹಾಳೆಯ ಫೋಟೊ ತೆಗೆದುಕೊಳ್ಳಲಿ. ವರದಿ ಕಳುಹಿಸಿದ ದಿನಾಂಕವನ್ನೂ ಕೇಳಿಟ್ಟುಕೊಳ್ಳಲಿ.

ಮನೆಯಲ್ಲಿ ಸಾವಾದರೆ

ಕೊನೆಯ ಕಾಯಿಲೆಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ಸಾವಿನ ಕಾರಣ ತಿಳಿಸುವ ಪತ್ರವನ್ನು, ಅಂದರೆ ನಮೂನೆ 4ಎಯನ್ನು, ಪಡೆಯಬೇಕು. ಆಸ್ಪತ್ರೆಯ ಸಾವಿಗೆ ಇರುವುದು ನಮೂನೆ 4. ಮನೆಯ ಸಾವಿಗೆ ಇದು. ವಿಲ್ಸನ್ ಗಾರ್ಡನ್ ಆಗಲಿ, ಹೆಬ್ಬಾಳ, ಬನಶಂಕರಿ, ಸುಮನಹಳ್ಳಿ ಆಗಲಿ, ವಿದ್ಯುತ್ ಚಿತಾಗಾರದಲ್ಲಿ ವೈದ್ಯರ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಅಂತ್ಯಸಂಸ್ಕಾರದ ನಂತರ ಕೊಡುವ ರಸೀದಿಯನ್ನು ಜೋಪಾನ ಮಾಡಿ. ಪುರೋಹಿತರ ಪಟ್ಟಿ, ಹೂವಿನವರ ಚೀಟಿಗಳ ಜೊತೆ ಅದೂ ಕಳೆದುಹೋಗುವುದು ಬಲು ಸಾಮಾನ್ಯ. ಈ ರಸೀದಿ, ವೈದ್ಯರ ಪತ್ರ, ಮೃತರ ಮತ್ತು ಮಾಹಿತಿ ಕೊಡುವವರ ಆಧಾರ್ ಪ್ರತಿಯೊಂದಿಗೆ ಮನೆ ಇರುವ ಪ್ರದೇಶದ ನೋಂದಣಾಧಿಕಾರಿಗೆ ನಮೂನೆ 2 ಸಲ್ಲಿಸಬೇಕು. ಇಲ್ಲಿ ವರದಿ ಮಾಡುವವರು ನೀವೇ. ಬೇರೆ ಯಾರೋ ಮಾಡುತ್ತಾರೆಂದು ಕೂರಬೇಡಿ. ಅಪಘಾತ, ಆತ್ಮಹತ್ಯೆ ಅಥವಾ ಸಂಶಯಾಸ್ಪದ ಸಾವಾದರೆ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿದ ಮೇಲೆಯೇ ಮುಂದಿನದು.

21 ದಿನದ ಗಡುವು

ಸಾವು ಸಂಭವಿಸಿದ 21 ದಿನದೊಳಗೆ ವರದಿಯಾದರೆ ಶುಲ್ಕವಿಲ್ಲ. ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರದ ಮೊದಲ ಪ್ರತಿಯೂ ಉಚಿತ. 21 ದಾಟಿ 30ರೊಳಗೆ ಇದ್ದರೆ ವಿಳಂಬ ಶುಲ್ಕ. 30 ದಿನದಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಮೀರಿದರೆ ಆದೇಶವೇ ಬೇಕು. ಹಿಂದೆ ಇದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಕೈಯಲ್ಲಿದೆ.

ಹೆಚ್ಚುವರಿ ಪ್ರತಿಗಳನ್ನು ನೋಂದಣಿ ಕಚೇರಿಯಲ್ಲಿ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ ಪಡೆಯಬಹುದು. ರಾಜ್ಯದ ಇ-ಜನ್ಮ ತಂತ್ರಾಂಶದಲ್ಲಿ ದಾಖಲಾದ ಸಾವುಗಳಿಗೆ ಡಿಜಿಟಲ್ ಸಹಿಯ ಪ್ರಮಾಣಪತ್ರ ಸಿಗುತ್ತದೆ. ನಾಲ್ಕೈದು ಪ್ರತಿ ಒಟ್ಟಿಗೆ ತೆಗೆದಿಟ್ಟುಕೊಳ್ಳಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಶುಲ್ಕ ದೊಡ್ಡದಲ್ಲ, ಗೇಟಿನ ಹೊರಗೆ ಮಧ್ಯವರ್ತಿ ಕೇಳುವುದೇ ದೊಡ್ಡದು.

ವಿಮೆಯ ಹಣಕ್ಕೆ ಅರ್ಜಿ ಹಾಕುವವರಿಗೆ ಒಂದು ಮಾತು: ಈ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದನ್ನು ನಮೂದಿಸಕೂಡದೆಂದು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಕಾರಣ ಬೇಕಾದರೆ ವೈದ್ಯರು ಕೊಡುವ ನಮೂನೆ 4 ಅಥವಾ 4ಎಯ ಪ್ರತಿಯನ್ನು ಆಗಲೇ ಕೇಳಿ ಪಡೆಯಬೇಕು.

ಹೆಸರು ತಪ್ಪಾಗಿ ಅಚ್ಚಾಗಿದ್ದರೆ 15ನೇ ಕಲಮಿನಡಿ ತಿದ್ದುಪಡಿಗೆ ಅವಕಾಶವಿದೆ. ಮೃತರು ಬದುಕಿದ್ದಾಗ ಪಡೆದ ದಾಖಲೆಗಳನ್ನು ಹಿಡಿದು ನೋಂದಣಿ ಮಾಡಿದ ಕಚೇರಿಗೇ ಹೋಗಬೇಕು.

ಹಳೆಯ ಸಾವುಗಳ ಹುಡುಕಾಟ

ಅಜ್ಜನ ಹೆಸರಿನ ಸೈಟು ಭಾಗವಾಗುವಾಗ ಎದುರಾಗುವ ಕಷ್ಟವೇ ಬೇರೆ. ಆ ಕಾಲದ ದಾಖಲೆ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಕೈಬರಹದ ರಿಜಿಸ್ಟರಿನಲ್ಲಿ ಹುಡುಕಿಸಬೇಕು. ಶೋಧನೆಯ ಶುಲ್ಕ ವರ್ಷದ ಲೆಕ್ಕದಲ್ಲಿರುವುದರಿಂದ ‘ಎಪ್ಪತ್ತರ ದಶಕದಲ್ಲಿ’ ಎಂದರೆ ಸಿಬ್ಬಂದಿ ಮುಖ ಗಂಟಿಕ್ಕುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಮೊದಲು ವರ್ಷ ಗೊತ್ತುಮಾಡಿಕೊಳ್ಳಿ.

ಇದಕ್ಕೆ ಶ್ರಾದ್ಧದ ತಿಥಿ ಒಳ್ಳೆಯ ಸುಳಿವು. ಮನೆಯ ಹಿರಿಯರಿಗೆ ಇಸವಿ ಮರೆತಿದ್ದರೂ ‘ನಳ ಸಂವತ್ಸರ, ಮಾಘ ಬಹುಳ ಪಂಚಮಿ’ ಎಂಬುದು ಬಾಯಲ್ಲಿರುತ್ತದೆ. ನಳ ಸಂವತ್ಸರ ಶುರುವಾದದ್ದು 1976ರ ಯುಗಾದಿಗೆ. ಮಾಘ ಬರುವ ಹೊತ್ತಿಗೆ ಇಸವಿ ಬದಲಾಗಿರುತ್ತದೆ. ಹುಡುಕಬೇಕಾದದ್ದು 1977ರ ಫೆಬ್ರವರಿಯ ಪುಟಗಳನ್ನು, 1976ರದ್ದನ್ನಲ್ಲ.

ಇನ್ನೊಂದು ಆಸರೆ ಪತ್ರಿಕೆಗಳ ನಿಧನ ವಾರ್ತೆ ಮತ್ತು ಶ್ರದ್ಧಾಂಜಲಿ ಜಾಹೀರಾತು. ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳನ್ನು ವಿಚಾರಿಸಬಹುದು. ವೈಕುಂಠ ಸಮಾರಾಧನೆಯ ಆಹ್ವಾನವಷ್ಟೇ ಸಿಕ್ಕರೂ ಸಾಕು: ಅದು ಹದಿಮೂರನೆಯ ದಿನದ್ದು, ಸಾವಿನ ದಿನವೂ ಎಣಿಕೆಗೆ ಸೇರುವುದರಿಂದ ಹನ್ನೆರಡು ದಿನ ಹಿಂದಕ್ಕೆ ಹೋದರೆ ಸಾವಿನ ದಿನಾಂಕ ಸಿಗುತ್ತದೆ. ಒಂದು ದಿನ ಆಚೀಚೆ ಆಗಬಹುದು. ಶಿವಗಣಾರಾಧನೆಯ ದಿನ ಮನೆತನದಿಂದ ಮನೆತನಕ್ಕೆ ಬದಲಾಗುತ್ತದೆ. ಆ ಲೆಕ್ಕವನ್ನು ನೆಚ್ಚಬೇಡಿ. ಪತ್ರಿಕೆಯ ತುಣುಕು ಮರಣ ಪ್ರಮಾಣಪತ್ರಕ್ಕೆ ಬದಲಿಯಲ್ಲ, ರಿಜಿಸ್ಟರಿನ ಪುಟಕ್ಕೆ ದಾರಿ ಅಷ್ಟೆ. ಚರ್ಚ್‌ನ ಸಮಾಧಿ ಪುಸ್ತಕ, ಖಬರಸ್ತಾನದ ವಹಿ, ಚಿತಾಗಾರದ ದಾಖಲೆಗಳೂ ಇದೇ ರೀತಿ ನೆರವಾಗುತ್ತವೆ.

ಸ್ಥಳದ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ದಂಡು ಪ್ರದೇಶ ಮತ್ತು ನಗರ ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಯಲಹಂಕ, ಕೆ.ಆರ್. ಪುರ, ಬೊಮ್ಮನಹಳ್ಳಿ, ದಾಸರಹಳ್ಳಿ 2007ರವರೆಗೆ ಪ್ರತ್ಯೇಕ ನಗರಸಭೆಗಳಾಗಿದ್ದವು. ಸುತ್ತಲಿನ 110 ಹಳ್ಳಿಗಳೂ ಆಗಲೇ ಪಾಲಿಕೆಗೆ ಸೇರಿದ್ದು. ಹಾಗಾಗಿ ಅರ್ಜಿಯಲ್ಲಿ ಇಂದಿನ ಬಡಾವಣೆಯ ಹೆಸರಿನ ಜೊತೆಗೆ ಅಂದಿನ ಹಳ್ಳಿ ಅಥವಾ ನಗರಸಭೆಯ ಹೆಸರನ್ನೂ ಬರೆಯಿರಿ.

ಎಲ್ಲೂ ಸಿಗದಿದ್ದರೆ ಬರಿಗೈಯಲ್ಲಿ ಮರಳಬೇಡಿ. ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು, ಅಂದರೆ ನಮೂನೆ 10ನ್ನು, ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ದಂಡಾಧಿಕಾರಿಯ ಮುಂದೆ ತಡವಾದ ನೋಂದಣಿಗೆ ಅರ್ಜಿ ಹಾಕುವಾಗ ತಿಥಿಯ ಲೆಕ್ಕ, ಪತ್ರಿಕೆಯ ತುಣುಕು, ಸ್ಮಶಾನದ ರಸೀದಿಗಳ ಜೊತೆ ಅದನ್ನೂ ಲಗತ್ತಿಸಬೇಕು.