ಮೃಗಾಲಯದ ಒಂದೊಂದು ಪ್ರಾಣಿಗೂ ಒಂದು ಪುಟ: ಹವ್ಯಾಸಿಗಳಿಗೆ ಲೆಕ್ಕದ ಕ್ರಮ

ಕಲಬುರಗಿಯ ಕಿರು ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಸಾಮಾನ್ಯವಾಗಿ ಆವರಣದಲ್ಲಿ ಎಷ್ಟು ಪ್ರಾಣಿಗಳಿವೆ ಎಂದು ಎಣಿಸಿ ಮುಂದೆ ಸಾಗುತ್ತಾರೆ. ಅದೇ ಆವರಣದ ಎದುರು ತಿಂಗಳಿಗೊಮ್ಮೆ ಅರ್ಧ ಗಂಟೆ ನಿಂತು, ಕಳೆದ ಸಲ ಕಂಡ ಪ್ರಾಣಿ ಈಗ ಎಲ್ಲಿದೆ, ಹೊಸದು ಎಲ್ಲಿಂದ ಬಂತು, ಮರಿ ಯಾವುದರದ್ದು ಎಂದು ಬರೆದಿಡುವ ಹವ್ಯಾಸಿಗಳು ಯೂರೋಪಿನಲ್ಲಿ ಬಹಳ ಕಾಲದಿಂದ ಇದ್ದಾರೆ. ಈ ಹವ್ಯಾಸಕ್ಕೆ ದೊಡ್ಡ ಮೃಗಾಲಯವೂ ಬೇಡ, ದುಬಾರಿ ಕ್ಯಾಮೆರಾವೂ ಬೇಡ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದ್ದುಕೊಂಡೇ ಇದನ್ನು ಆರಂಭಿಸುವ ಬಗೆಯನ್ನು ನನ್ನ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ಭಾಷೆಯನ್ನು ಕಲಿಯಬೇಕು. ಮೃಗಾಲಯಗಳು ಪ್ರಾಣಿಗಳ ಸಂಖ್ಯೆಯನ್ನು ಚುಕ್ಕಿಯಿಂದ ಬೇರ್ಪಡಿಸಿದ ಮೂರು ಅಂಕಿಗಳಲ್ಲಿ ಬರೆಯುತ್ತವೆ: ಮೊದಲನೆಯದು ಗಂಡು, ಎರಡನೆಯದು ಹೆಣ್ಣು, ಮೂರನೆಯದು ಲಿಂಗ ಇನ್ನೂ ತಿಳಿಯದವು. 4.6.1 ಎಂದರೆ ನಾಲ್ಕು ಗಂಡು, ಆರು ಹೆಣ್ಣು, ಗೊತ್ತಾಗದ ಒಂದು. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ವರ್ಷದ ಆರಂಭದಲ್ಲಿ 4.6.1 ಇದ್ದ ಹಿಂಡಿನಲ್ಲಿ ಮೂರು ಮರಿ ಹುಟ್ಟಿದವು (0.0.3), ಬೇರೆ ಮೃಗಾಲಯದಿಂದ ಒಂದು ಗಂಡು ಬಂತು (1.0.0), ಎರಡು ಹೆಣ್ಣನ್ನು ಹೊರಗೆ ಕಳುಹಿಸಿದರು (0.2.0), ಒಂದು ಗಂಡು, ಒಂದು ಮರಿ ಸತ್ತವು (1.0.1). ವರ್ಷದ ಕೊನೆಗೆ 4.4.3 ಉಳಿಯುತ್ತದೆ. ಆರಂಭದಲ್ಲಿ ಹನ್ನೊಂದು, ಕೊನೆಯಲ್ಲೂ ಹನ್ನೊಂದು. ತಲೆ ಎಣಿಸಿದವನ ಪಾಲಿಗೆ ಆ ವರ್ಷ ಏನೂ ನಡೆದಿಲ್ಲ. ಒಂದೊಂದನ್ನೂ ಗುರುತಿಟ್ಟವನ ಪುಸ್ತಕದಲ್ಲಿ ಎಂಟು ಬದಲಾವಣೆಗಳಿವೆ. ಈ ಹವ್ಯಾಸದ ಹುರುಳೆಲ್ಲ ಆ ಎಂಟರಲ್ಲಿದೆ.

ಮೇಲಿನ ಲೆಕ್ಕದ ಕ್ರಮ ನನ್ನ ಕಲ್ಪನೆಯಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಪ್ರತಿ ಮಾನ್ಯತೆ ಪಡೆದ ಮೃಗಾಲಯವೂ ತನ್ನ ಪ್ರಾಣಿಗಳ ವಾರ್ಷಿಕ ಪಟ್ಟಿಯನ್ನು ಇದೇ ಕ್ರಮದಲ್ಲಿ, ಅಂದರೆ ಆರಂಭದ ಸಂಖ್ಯೆ, ಜನನ, ಹೊರಗಿನಿಂದ ಬಂದವು, ಕಳುಹಿಸಿದವು, ಸಾವು, ಕೊನೆಯ ಸಂಖ್ಯೆ ಎಂಬ ಅಂಕಣಗಳಲ್ಲಿ ಸಲ್ಲಿಸುತ್ತದೆ. ಈ ಪಟ್ಟಿಗಳನ್ನು ಪ್ರಾಧಿಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಪಟ್ಟಿಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ನಿಮ್ಮ ಪುಸ್ತಕದ ವರ್ಷವನ್ನೂ ಅದಕ್ಕೇ ಹೊಂದಿಸಿಕೊಳ್ಳಿ. ಜನವರಿಯಿಂದ ಆರಂಭಿಸಿದರೆ ಎರಡು ಲೆಕ್ಕಗಳನ್ನು ಎಂದಿಗೂ ತಾಳೆ ಹಾಕಲಾಗದು.

ಮೊದಲ ವರ್ಷ ಒಂದೇ ಆವರಣವನ್ನು, ಒಂದೇ ಜಾತಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇಡೀ ಮೃಗಾಲಯವನ್ನು ಒಮ್ಮೆಲೇ ಹಿಡಿಯಲು ಹೊರಟವರು ಮೂರನೆಯ ತಿಂಗಳಿಗೆ ಪುಸ್ತಕವನ್ನೇ ಮುಚ್ಚಿಟ್ಟದ್ದನ್ನು ನಾನು ಕಂಡಿದ್ದೇನೆ. ನಮ್ಮ ಭಾಗದವರಿಗೆ ಕೃಷ್ಣಮೃಗ, ಅಂದರೆ ನಾವು ಚಿಗರಿ ಎನ್ನುವುದು, ಒಳ್ಳೆಯ ಆರಂಭ. ಬೀದರ್ ಜಿಲ್ಲೆಯ ಬಯಲಿನಲ್ಲಿ ಅದನ್ನು ನೋಡಿದ ಕಣ್ಣಿಗೆ ಆವರಣದಲ್ಲೂ ಅದು ಬೇಗ ಒಗ್ಗುತ್ತದೆ. ಬೇಸಿಗೆಯಲ್ಲಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆ ದಾಟಿತೆಂದರೆ ಪ್ರಾಣಿಗಳು ನೆರಳಿಗೆ ಸೇರಿಬಿಡುತ್ತವೆ, ನೋಡುವವನೂ ಅಷ್ಟೆ.

ಗುರುತು ಹಿಡಿಯುವುದನ್ನು ನನಗೆ ಕಲಿಸಿದವರು ಶಹಾಪುರದ ಕಡೆಯ ಒಬ್ಬ ಕುರಿಗಾಹಿ. ಇನ್ನೂರು ಕುರಿಗಳಲ್ಲಿ ಒಂದು ತಪ್ಪಿದರೂ ಅವರಿಗೆ ತಿಳಿಯುತ್ತಿತ್ತು. ‘ಮೊದ್ಲ ಕಿವಿ ನೋಡ್ರಿ, ಆಮ್ಯಾಲ ನಡಿಗಿ ನೋಡ್ರಿ, ಬಣ್ಣ ಕಡೀಕ’ ಎಂದಿದ್ದರು. ಚಿಗರಿಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಗಂಡು ಚಿಗರಿ ಬೆಳೆದಂತೆ ಕಪ್ಪಾಗುತ್ತದೆ, ಮಳೆಗಾಲದ ನಂತರ ಅದರ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ, ಬೇಸಿಗೆಯಲ್ಲಿ ಮಸುಕಾಗುತ್ತದೆ. ಆದ್ದರಿಂದ ಬಣ್ಣವನ್ನು ನಂಬಿ ಬರೆದ ಪುಟ ಆರು ತಿಂಗಳಲ್ಲಿ ಸುಳ್ಳಾಗುತ್ತದೆ. ಅದರ ಕೊಂಬು ಉದುರುವುದಿಲ್ಲವಾದ್ದರಿಂದ ಮುರಿದ ತುದಿ, ಸುರುಳಿಗಳ ಸಂಖ್ಯೆ, ಎರಡು ಕೊಂಬುಗಳ ನಡುವಿನ ಅಂತರ ನಂಬಬಹುದಾದ ಗುರುತುಗಳು. ಎಳೆಯ ಗಂಡಿನಲ್ಲಿ ಮಾತ್ರ ಕೊಂಬು ಬೆಳೆಯುತ್ತಿರುವುದರಿಂದ ಚಿತ್ರವನ್ನು ಆಗಾಗ ಹೊಸದಾಗಿ ತೆಗೆಯಬೇಕು. ಚುಕ್ಕೆ ಜಿಂಕೆಯಲ್ಲಿ ಇದು ತಿರುಗುಮುರುಗು: ಅದರ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ, ಮೈಮೇಲಿನ ಚುಕ್ಕೆಗಳ ಜೋಡಣೆ ಉಳಿಯುತ್ತದೆ. ಮೊಸಳೆಗೆ ಬಾಲದ ಮೇಲಿನ ಗರಗಸದಂಥ ಹುರುಪೆಗಳಲ್ಲಿ ಮುರಿದವು ಯಾವುವು ಎಂಬುದೇ ಗುರುತು. ಕರಡಿಗೆ ಎದೆಯ ಮೇಲಿನ ಬಿಳಿ ಪಟ್ಟೆಯ ಆಕಾರ.

ಹುಲಿ, ಚಿರತೆಗಳಲ್ಲಿ ಒಂದು ಎಚ್ಚರ ಬೇಕು. ಬೀದರ್‌ನಿಂದ ಹೈದರಾಬಾದ್ ಹತ್ತಿರವಾದ್ದರಿಂದ ನಾನು ಅಲ್ಲಿನ ನೆಹರೂ ಪ್ರಾಣಿ ಉದ್ಯಾನಕ್ಕೆ ಹೋಗುತ್ತಿದ್ದೆ (ಸೋಮವಾರ ರಜೆ ಎಂಬುದನ್ನು ನೆನಪಿಟ್ಟುಕೊಂಡು ಹೊರಡಿ). ಒಂದು ಭೇಟಿಯಲ್ಲಿ ಹುಲಿಯ ಎಡಮಗ್ಗುಲಿನ ಚಿತ್ರ, ಇನ್ನೊಂದರಲ್ಲಿ ಬಲಮಗ್ಗುಲಿನ ಚಿತ್ರ ಸಿಕ್ಕಿತು. ಪಟ್ಟೆಗಳು ಬೇರೆ ಎಂದು ಎರಡು ಪುಟ ತೆರೆದೆ. ಹುಲಿಯ ಎರಡು ಮಗ್ಗುಲುಗಳ ಪಟ್ಟೆಗಳು ಒಂದೇ ರೀತಿ ಇರುವುದಿಲ್ಲ ಎಂಬ ಸರಳ ಸಂಗತಿ ಆಗ ನನಗೆ ಹೊಳೆಯಲಿಲ್ಲ. ಒಂದು ವಿಡಿಯೊದಲ್ಲಿ ಅದು ಪೂರ್ತಿ ತಿರುಗಿ ನಿಂತಾಗಲೇ ಎರಡೂ ಒಂದೇ ಎಂದು ತಿಳಿದದ್ದು. ಅಲ್ಲಿಯವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನ ಪುಸ್ತಕದಲ್ಲಿ ಇಲ್ಲದ ಹುಲಿಯೊಂದು ಬದುಕಿತ್ತು. ಎರಡೂ ಮಗ್ಗುಲಿನ ಚಿತ್ರ ಸಿಗುವವರೆಗೆ ಪುಟವನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.

ಪುಟದಲ್ಲಿ ಏನಿರಬೇಕು? ನೀವೇ ಕೊಟ್ಟ ಸಂಖ್ಯೆ, ಲಿಂಗ, ಗುರುತು, ತಾಯಿ ತಂದೆ, ಮೊದಲು ಕಂಡ ದಿನ, ಕೊನೆಗೆ ಕಂಡ ದಿನ, ಮತ್ತು ಪ್ರತಿ ಮಾಹಿತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬುದು. ಕಣ್ಣಾರೆ ಕಂಡದ್ದು, ಫಲಕದಲ್ಲಿ ಓದಿದ್ದು, ಪತ್ರಿಕೆಯಲ್ಲಿ ಬಂದದ್ದು, ಪ್ರಾಣಿಪಾಲಕರು ಹೇಳಿದ್ದು, ಈ ನಾಲ್ಕನ್ನೂ ಬೆರೆಸಬಾರದು. ಪ್ರಾಣಿಯ ಹೆಸರನ್ನು ಬರೆದುಕೊಳ್ಳಿ, ಆದರೆ ಹೆಸರನ್ನೇ ಗುರುತಾಗಿ ಬಳಸಬೇಡಿ. ರಾಜಾ, ರಾಣಿ ಎಂಬ ಹೆಸರುಗಳು ಎಷ್ಟು ಮೃಗಾಲಯಗಳಲ್ಲಿವೆಯೋ ಲೆಕ್ಕವಿಲ್ಲ, ಸತ್ತ ಪ್ರಾಣಿಯ ಹೆಸರನ್ನು ಮರಿಗೆ ಇಡುವುದೂ ಉಂಟು. ಸತ್ತ ಪ್ರಾಣಿಯ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು, ಪುಟವನ್ನು ಹರಿಯಲೂಬಾರದು. ಆವರಣದ ಮುಂದೆ ತೂಗುಹಾಕಿದ ದತ್ತು ಫಲಕದಲ್ಲಿನ ಹೆಸರು ಖರ್ಚು ವಹಿಸಿಕೊಂಡ ದಾನಿಯದ್ದು. ಹೊಸಬರೊಬ್ಬರು ಅದನ್ನು ನೀಲಗಾಯಿಯ ಹೆಸರೆಂದು ಬರೆದುಕೊಂಡಿದ್ದರು!

ತಾಯಿ ತಂದೆಯ ಅಂಕಣಕ್ಕೆ ನಾನು ಹೆಚ್ಚು ತೂಕ ಕೊಡಲು ಕಾರಣವಿದೆ. 1951ರಲ್ಲಿ ರೇವಾದ ಮಹಾರಾಜರು ಹಿಡಿದ ಮೋಹನ್ ಎಂಬ ಬಿಳಿ ಹುಲಿಯನ್ನು ಸಾಮಾನ್ಯ ಬಣ್ಣದ ಹೆಣ್ಣಿನೊಡನೆ ಕೂಡಿಸಿದಾಗ ಬಿಳಿ ಮರಿ ಹುಟ್ಟಲಿಲ್ಲ. ಅದರದೇ ಮಗಳಾದ ರಾಧಾಳೊಡನೆ ಕೂಡಿಸಿದಾಗ 1958ರಲ್ಲಿ ನಾಲ್ಕು ಬಿಳಿ ಮರಿಗಳು ಹುಟ್ಟಿದವು. ಅವುಗಳಲ್ಲಿ ಒಂದಾದ ಮೋಹಿನಿ 1960ರಲ್ಲಿ ಅಮೆರಿಕಕ್ಕೆ ಹೋಯಿತು. ನಾವು ಬೆರಗಾಗಿ ನೋಡುವ ಬಿಳಿ ಹುಲಿಗಳ ಹಿಂದೆ ಇಂಥ ಒಳಸಂಬಂಧದ ವಂಶಾವಳಿ ಇದೆ ಎಂದು ತಿಳಿದದ್ದು ಒಂದೊಂದು ಹುಲಿಯ ಹೆತ್ತವರನ್ನೂ ಯಾರೋ ಬರೆದಿಟ್ಟಿದ್ದರಿಂದ. ಹಾಗೆಯೇ, 2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳ ಲೆಕ್ಕ 2.0.0, ಎರಡೂ ಗಂಡು ಎಂಬುದನ್ನು ಆ ಮೂರು ಅಂಕಿಗಳೇ ಹೇಳುತ್ತವೆ, ಹೆಣ್ಣು ಬರುವವರೆಗೆ ಅಲ್ಲಿ ಮರಿಯ ಮಾತಿಲ್ಲ.

ಕಾಣದ ಪ್ರಾಣಿಯನ್ನು ಸತ್ತಿತೆಂದು ಬರೆಯುವುದು ಹೊಸಬರ ಅತಿ ದೊಡ್ಡ ತಪ್ಪು. ಅದು ಒಳಗಿನ ಕೋಣೆಯಲ್ಲಿರಬಹುದು, ಚಿಕಿತ್ಸೆಯಲ್ಲಿರಬಹುದು, ಮರಿ ಹಾಕಲು ಬೇರೆಯಾಗಿ ಇಟ್ಟಿರಬಹುದು, ವಿನಿಮಯದಲ್ಲಿ ಬೇರೆ ಊರಿಗೆ ಹೋಗಿರಬಹುದು. ‘ಕಂಡಿಲ್ಲ’ ಎಂದಷ್ಟೇ ದಿನಾಂಕದೊಂದಿಗೆ ಬರೆಯಿರಿ; ಸತತ ಮೂರು ಭೇಟಿಯಲ್ಲಿ ಕಾಣದಿದ್ದರೆ ವಿಚಾರಿಸಿ. ಪ್ರಾಣಿಪಾಲಕರನ್ನು ಕೇಳುವುದಾದರೆ ಅವರ ಕೆಲಸ ಮುಗಿದ ಹೊತ್ತು ನೋಡಿ, ‘ಅಣ್ಣಾ, ಆ ಕೊಂಬು ಮುರಿದದ್ದು ಈಗ ಕಾಣ್ತಿಲ್ರೀ’ ಎಂದು ನಿರ್ದಿಷ್ಟವಾಗಿ ಕೇಳಿ. ಹತ್ತಿರದಿಂದ ಬಲ್ಲವನೆಂದು ತಿಳಿದರೆ ಅವರು ಸಂತೋಷದಿಂದ ಮಾತನಾಡುತ್ತಾರೆ. ಅವರ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಬೇಡಿ, ಅದು ಅವರ ನೌಕರಿಗೆ ತೊಂದರೆ ತರಬಹುದು. ಪ್ರಾಣಿ ಎದ್ದು ಬರಲೆಂದು ಕೂಗುವುದು, ಕಲ್ಲು ತೂರುವುದು, ತಿಂಡಿ ಹಾಕುವುದು ಕಾಯ್ದೆಯ 38ಜೆ ಕಲಮಿನಂತೆ ಅಪರಾಧ. ಮಲಗಿದ್ದರೆ ‘ಮಲಗಿದೆ’ ಎಂದು ಬರೆದು ಹಿಂದಿರುಗಬೇಕು.

ಉತ್ತರ ಸಿಗದಿದ್ದಾಗ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. ಉತ್ತರಕ್ಕೆ 30 ದಿನಗಳ ಅವಧಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಆದ್ದರಿಂದ ‘ಎಲ್ಲ ಪ್ರಾಣಿಗಳ ಮಾಹಿತಿ ಕೊಡಿ’ ಎನ್ನದೆ, ಒಂದು ಜಾತಿ, ಒಂದು ಆರ್ಥಿಕ ವರ್ಷ, ಜನನ, ಸಾವು ಮತ್ತು ವಿನಿಮಯದ ದಿನಾಂಕಗಳು ಎಂದು ಕೇಳಿ.

ಮಾರ್ಚ್ ಕೊನೆಯ ವಾರದಲ್ಲಿ ಒಂದು ಭೇಟಿಯನ್ನು ತಪ್ಪದೆ ಇಟ್ಟುಕೊಳ್ಳಿ, ಮೇಲಿನ ಕಾಲ್ಪನಿಕ ಲೆಕ್ಕದಂತೆ ನಿಮ್ಮ ವರ್ಷವನ್ನು ಮುಗಿಸಿ. ಪ್ರಾಧಿಕಾರದ ಪಟ್ಟಿ ಹೊರಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಬಂದರೆ ಮೊದಲು ಮೂರನೆಯ ಅಂಕಿಯನ್ನು ಪರಿಶೀಲಿಸಿ: ಲಿಂಗ ತಿಳಿಯದ ಮರಿ ಗಂಡೆಂದು ಗೊತ್ತಾದ ದಿನ ಅದು ಒಂದು ಅಂಕಣದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಆ ಜಿಗಿತಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ. ಆಮೇಲೆ ಮಾರ್ಚ್ ಕೊನೆಯಲ್ಲಿ ಸಾಗಿಸಿದ ಪ್ರಾಣಿಗಳನ್ನು ನೋಡಿ, ಎರಡು ಊರಿನಲ್ಲಿ ಎರಡು ಸಲ ಎಣಿಕೆಯಾಗುವುದು ಅವೇ. ಆಗಲೂ ಹೊಂದದಿದ್ದರೆ ನಿಮ್ಮ ಅಂಕಿಯನ್ನು ಅಳಿಸದೆ, ಪಟ್ಟಿಯ ಅಂಕಿಯನ್ನು ಪಕ್ಕದಲ್ಲಿ ಕೆಂಪು ಶಾಯಿಯಿಂದ ಬರೆದು, ಏಪ್ರಿಲ್ 1ರ ಹೊಸ ಪುಟವನ್ನು ತೆರೆಯಿರಿ.