ಮುದ್ದೆ ಬಿಟ್ಟು ಮೊಟ್ಟೆ ಹಿಡಿಯುವ ಮುನ್ನ

ತೂಕ ಇಳಿಸಬೇಕೆಂದು ಮನಸ್ಸು ಮಾಡಿದ ನಮ್ಮ ಕೋಲಾರ, ಚಿಂತಾಮಣಿ ಕಡೆಯ ಯುವಕರು ಮೊದಲು ಕೈಬಿಡುವುದು ರಾಗಿಮುದ್ದೆಯನ್ನು. ಅದರ ಜಾಗಕ್ಕೆ ದಿನಕ್ಕೆ ಎಂಟು ಹತ್ತು ಮೊಟ್ಟೆ, ಅರ್ಧ ಕೆ.ಜಿ. ಕೋಳಿಮಾಂಸ, ಮೇಲೆ ಎರಡು ಚಮಚ ಪ್ರೋಟೀನ್ ಪುಡಿ ಬರುತ್ತವೆ. ಇಂಥ ಪಥ್ಯ ಹಿಡಿಯುವ ಮುನ್ನ ಏನನ್ನು ಪರೀಕ್ಷಿಸಿಕೊಳ್ಳಬೇಕು, ಅದರ ಗೊಡವೆಯೇ ಬೇಡವೆಂದರೆ ಮನೆಯ ಸಸ್ಯಾಹಾರದ ತಟ್ಟೆಯನ್ನೇ ಹೇಗೆ ಸರಿಪಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಮೊದಲು ನಿಮ್ಮ ಮುದ್ದೆಯನ್ನು ತೂಗಿ ನೋಡಿ. ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಮುದ್ದೆ ಸುಮಾರು 300 ಗ್ರಾಂ ತೂಗಿತು. ಅದರಲ್ಲಿ ಹಿಟ್ಟು 100 ಗ್ರಾಂ, ಉಳಿದದ್ದೆಲ್ಲ ಎಸರಿನ ನೀರು. ಅಷ್ಟು ಹಿಟ್ಟಿನಲ್ಲಿ ಸರಿಸುಮಾರು 70 ಗ್ರಾಂ ಪಿಷ್ಟ, 7 ಗ್ರಾಂ ಪ್ರೋಟೀನ್, 10 ಗ್ರಾಂಗಿಂತ ಹೆಚ್ಚು ನಾರು ಮತ್ತು 340 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇರುತ್ತದೆ. ಪಿಷ್ಟವನ್ನು ತೀರಾ ಕಡಿಮೆ ಮಾಡಿ ಹೆಚ್ಚಾಗಿ ಕೊಬ್ಬಿನಿಂದ ಶಕ್ತಿ ಪಡೆಯುವ ಕೀಟೋ ಪಥ್ಯ ಇಡೀ ದಿನಕ್ಕೆ ಬಿಟ್ಟುಕೊಡುವ ಪಿಷ್ಟ 20ರಿಂದ 50 ಗ್ರಾಂ ಮಾತ್ರ. ಅಂದರೆ ಒಂದೇ ಮುದ್ದೆಗೆ ದಿನದ ಲೆಕ್ಕ ಮುಗಿದು ಮೇಲೂ ಹೋಯಿತು. ಮುದ್ದೆಯೊಂದಿಗೆ ಹೋಗುವುದು ಪಿಷ್ಟವೊಂದೇ ಆಗಿದ್ದರೆ ಚಿಂತೆಯಿರಲಿಲ್ಲ, ನಾರು ಮತ್ತು ಸುಣ್ಣದಂಶವೂ ಹೋಗುತ್ತವೆ. ಈ ಪಥ್ಯದಲ್ಲಿ ಮಲಬದ್ಧತೆ ಸಾಮಾನ್ಯವಾಗಿರುವುದು ಇದರಿಂದಲೇ.

ಮೊದಲ ವಾರದಲ್ಲಿ ತೂಕ ಬೇಗ ಇಳಿಯುವುದನ್ನು ಕಂಡು ಹಿಗ್ಗಬೇಡಿ. ಯಕೃತ್ತು ಮತ್ತು ಸ್ನಾಯುಗಳು ಸಂಗ್ರಹಿಸಿಟ್ಟುಕೊಂಡಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಂತ ಮೇಲೆ ಆ ದಾಸ್ತಾನು ಕರಗಿ, ನೀರೂ ಲವಣವೂ ಮೂತ್ರದಲ್ಲಿ ಹೊರಟುಹೋಗುತ್ತವೆ. ನಾನೇ ಒಮ್ಮೆ ಮೂರು ವಾರ ಹೀಗೆ ಉಂಡೆ. ನಾಲ್ಕನೆಯ ದಿನವೇ ಮೀನಖಂಡ ಹಿಡಿದುಕೊಂಡು ರಾತ್ರಿ ಎದ್ದು ಕೂತಿದ್ದು ನೆನಪಿದೆ, ಮೂರು ಕೆ.ಜಿ. ಇಳಿದದ್ದೂ ನಿಜ, ಅದರಲ್ಲಿ ಎರಡು ಕೆ.ಜಿ. ಮುದ್ದೆಗೆ ಮರಳಿದ ವಾರದೊಳಗೆ ವಾಪಸ್ಸು ಬಂದದ್ದೂ ನಿಜ.

ಇಷ್ಟಾದರೂ ಮಾಡಿಯೇ ತೀರುತ್ತೇನೆ ಎನ್ನುವವರು ಮೊದಲು ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನೈನ್, ಯೂರಿಕ್ ಆಸಿಡ್ ಮತ್ತು ಕೊಲೆಸ್ಟರಾಲ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರೋಟೀನ್ ಹೆಚ್ಚಿದಾಗ ಅದರ ಕಸವಾದ ಯೂರಿಯಾವನ್ನು ಹೊರಹಾಕಲು ಮೂತ್ರಪಿಂಡಗಳು ಹೆಚ್ಚು ಸೋಸಬೇಕಾಗುತ್ತದೆ. ಗಟ್ಟಿ ಮೂತ್ರಪಿಂಡದವರಲ್ಲಿ ಇದರಿಂದ ರೋಗವೇ ಬರುತ್ತದೆಂದು ಸಾಬೀತಾಗಿಲ್ಲ, ಆದರೆ ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಇದು ಹೊರೆ, ಬಿ.ಪಿ., ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನರಿಗೆ ತಮ್ಮ ಮೂತ್ರಪಿಂಡ ಸೊರಗಿರುವುದು ಪರೀಕ್ಷೆಯಾಗುವವರೆಗೆ ತಿಳಿದೇ ಇರುವುದಿಲ್ಲ.

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ, ಮುದ್ದೆ ನಿಲ್ಲಿಸುವುದು ಅಪಾಯಕಾರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಸಕ್ಕರೆ ಏಕಾಏಕಿ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳವರ ವಿಷಯ ಇನ್ನೂ ಸೂಕ್ಷ್ಮ: ಗ್ಲೂಕೋಮೀಟರ್ ಹೆಚ್ಚೇನೂ ತೋರಿಸದಿದ್ದರೂ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ತುಂಬಿಕೊಳ್ಳಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮೀಟರ್ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವವರು ಈ ಪಥ್ಯದ ತಂಟೆಗೇ ಹೋಗಬಾರದು. ಕೀಟೋ ಆಹಾರವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರೂಪಿಸಿದ್ದು ಮೂರ್ಛೆರೋಗದ ಚಿಕಿತ್ಸೆಗೆಂದು, ಅದೂ ವೈದ್ಯರ ಕಣ್ಗಾವಲಿನಲ್ಲಿ ಎಂಬುದನ್ನು ಜಿಮ್‌ಗಳಲ್ಲಿ ಯಾರೂ ಹೇಳುವುದಿಲ್ಲ.

ನೀರಿನ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಾಂಸದ ಪ್ರೋಟೀನ್ ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ಯೂರಿಕ್ ಆಸಿಡ್ ಏರಿ, ಕಲ್ಲುಗಟ್ಟದಂತೆ ತಡೆಯುವ ಸಿಟ್ರೇಟ್ ಇಳಿಯುತ್ತದೆ; ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಕಲ್ಲಾಗಲು ಇನ್ನೇನು ಬೇಕು? ಹಾಗೆಂದು ಆಳದ ಬೋರ್‌ವೆಲ್ ನೀರನ್ನೇ ಹೆಚ್ಚು ಕುಡಿಯುವುದೂ ಸಲ್ಲದು, ಏಕೆಂದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಕಡೆ ಅಂತರ್ಜಲದಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಬಳಸಿ.

ಸಸ್ಯಾಹಾರವೆಂದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದುಕೊಳ್ಳಬೇಡಿ. 15,000ಕ್ಕೂ ಹೆಚ್ಚು ಅಮೆರಿಕನ್ನರನ್ನು ಸುಮಾರು 25 ವರ್ಷ ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಕ್ತಿಯ 50ರಿಂದ 55 ಶೇಕಡ ಭಾಗವನ್ನು ಪಿಷ್ಟದಿಂದ ಪಡೆದವರಲ್ಲಿ ಸಾವಿನ ಪ್ರಮಾಣ ಅತಿ ಕಡಿಮೆಯಿತ್ತು. 40ಕ್ಕಿಂತ ಕಡಿಮೆ ಪಡೆದವರಲ್ಲೂ 70ಕ್ಕಿಂತ ಹೆಚ್ಚು ಪಡೆದವರಲ್ಲೂ ಅದು ಏರಿತ್ತು. ಪಿಷ್ಟದ ಜಾಗಕ್ಕೆ ಮಾಂಸ ತಂದುಕೊಂಡಾಗ ಅಪಾಯ ಹೆಚ್ಚು, ಕಾಳು, ಬೀಜ ತಂದುಕೊಂಡಾಗ ಕಡಿಮೆ ಎಂದೂ ಕಂಡುಬಂತು. ಇದು ಗಮನಿಸಿ ಹೇಳಿದ ಮಾತೇ ಹೊರತು ಪ್ರಯೋಗದಿಂದ ಸಿದ್ಧವಾದದ್ದಲ್ಲ. ಆದರೂ ಮೂರು ಹೊತ್ತು ಪಾಲಿಷ್ ಅಕ್ಕಿಯ ಅನ್ನಕ್ಕೆ ತಿಳಿಸಾರು ಹುಯ್ದುಕೊಳ್ಳುವವರು 70ರ ಆಚೆಯ ಗುಂಪಿನ ಹತ್ತಿರವೇ ಇದ್ದಾರೆಂಬುದು ನನ್ನ ಅನಿಸಿಕೆ.

ಹಾಗಾದರೆ ತಟ್ಟೆಯಲ್ಲಿ ಏನು ಬದಲಾಗಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕೆ.ಜಿ. ತೂಗುವವರಿಗೆ ದಿನಕ್ಕೆ 50 ಗ್ರಾಂ. ಎರಡು ಮುದ್ದೆಗೆ 14, ನೂರು ಗ್ರಾಂ ಅಕ್ಕಿಗೆ 7, ಅರವತ್ತು ಗ್ರಾಂ ಒಣಕಾಳಿಗೆ 13, ಕಾಲು ಲೀಟರ್ ಹಾಲಿಗೆ 8, ಒಂದು ಹಿಡಿ ಕಡಲೆಬೀಜಕ್ಕೆ 7: ಕೂಡಿದರೆ 49 ಆಯಿತು. ದವಸದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಮುದ್ದೆಗೆ ಕಾಳಿನ ಸಾರು ಜೊತೆಯಾದದ್ದು ನಾಲಿಗೆಯ ರುಚಿಗಷ್ಟೇ ಅಲ್ಲ.

ಎಡವುವುದು ಬಸ್ಸಾರಿನಲ್ಲಿ. ಹುರುಳಿಯನ್ನೋ ಅವರೆಯನ್ನೋ ಬೇಯಿಸಿ ಬಸಿದ ಮೇಲೆ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ರುಚಿಯೆಲ್ಲ ಕಟ್ಟಿನಲ್ಲಿರುವುದರಿಂದ ಎರಡು ಸೌಟು ಸಾರು ಬಡಿಸಿಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಇಟ್ಟುಕೊಳ್ಳುತ್ತೇವೆ. ಪ್ರೋಟೀನ್‌ನ ಬಹುಪಾಲು ಉಳಿದಿರುವುದು ಆ ಕಾಳಿನಲ್ಲೇ. ಆದ್ದರಿಂದ ಪಲ್ಯವನ್ನು ಒಂದು ಬಟ್ಟಲು ತುಂಬ ತಿನ್ನಿ, ಮುದ್ದೆಯ ಮೇಲೆ ಅನ್ನ ಉಣ್ಣುವುದನ್ನು ಒಂದು ಹೊತ್ತಿಗೆ ನಿಲ್ಲಿಸಿ. ತೂಕ ಇಳಿಸಬೇಕಿದ್ದರೆ ರಾತ್ರಿಯ ಮುದ್ದೆಯನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಸೊಪ್ಪು ಮತ್ತು ಮೊಳಕೆಕಾಳು ಬರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕಾಳನ್ನೂ ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಸಸ್ಯಾಹಾರಿಗಳು ಬಿ12 ಪರೀಕ್ಷೆಯನ್ನು ಮರೆಯಬಾರದು. ಈ ಜೀವಸತ್ವ ಸೊಪ್ಪು, ಕಾಳುಗಳಲ್ಲಿಲ್ಲ. ಹಾಲು ಮೊಸರಿನಿಂದ ಬರುವಷ್ಟೇ, ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಅದೂ ಸರಿಯಾಗಿ ದಕ್ಕುವುದಿಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ನಿಂಬೆಹುಳಿ ಹಿಂಡಿಕೊಳ್ಳಿ, ಊಟವಾದ ಕೂಡಲೇ ಟೀ ಕುಡಿಯುವುದನ್ನು ಒಂದು ಗಂಟೆ ಮುಂದೂಡಿ. ಮೂರು ತಿಂಗಳು ಹೀಗೆ ಉಂಡು, ತೂಕ ಮತ್ತು ಸೊಂಟದ ಸುತ್ತಳತೆಯ ಜೊತೆಗೆ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವುದರಿಂದ ಅದಕ್ಕೂ ಮೊದಲು ಮಾಡಿಸಿದರೆ ಹಳೆಯ ತಟ್ಟೆಯ ಲೆಕ್ಕವೇ ಬರುತ್ತದೆ.